ಏಪ್ರಿಲ್ 3 ಹೋಗಿ ಮಾರ್ಚ್ 4 ಆದದ್ದು: ಬ್ಯಾಡಗಿ ಕೋಲ್ಡ್ ಸ್ಟೋರೇಜ್ ಬಿಲ್ಲಿನ ಒಂದು ಪ್ರಕರಣ

2023ರ ಸೆಪ್ಟೆಂಬರ್ 14, ಗುರುವಾರ. ನಾ ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಆಫೀಸಿನ್ಯಾಗ ಇದ್ದೆ, ಊಟಕ್ಕ ಏಳಬೇಕು ಅನ್ನೂದ್ರಾಗ ಬ್ಯಾಡಗಿ ಕಡೆಯ ಒಂದು ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಫೋನ್ ಮಾಡಿದ್ರು. "ಸರ್, ನಿಮ್ಮ ಸಾಫ್ಟ್‌ವೇರ್ ಒಬ್ಬ ರೈತರಿಗೆ ಒಂದು ತಿಂಗಳ ಬಾಡಗಿ ಜಾಸ್ತಿ ಹಚ್ಚೇತಂತ, ಆ ರೈತ ಯಜಮಾನ್ರು ಇಲ್ಲೇ ಕುಂತಾರ, ಬಿಲ್ ತಿದ್ದೂಮಟ ಏಳೂದಿಲ್ಲ ಅಂತಾರ." ನಾ ಅಂದೆ, ಯಜಮಾನ್ರ ಕೈಯಾಗ ಫೋನ್ ಕೊಡ್ರಿ ಅಂತ.

ಅವರು ಸಿಟ್ಟು ಮಾಡಲಿಲ್ಲ, ಸಾವಕಾಶ ಹೇಳಿದ್ರು. "ತಮ್ಮಾ, ಉಗಾದಿಗೆ ನನ್ನ ಮೆಣಸಿನಕಾಯಿ ಇನ್ನೂ ಮನಿಯಾಗ ಇದ್ವು. ಉಗಾದಿ ಮುಗದು ಹತ್ತು ಹನ್ನೆರಡು ದಿನಕ್ಕ ಸೋಮವಾರ ಪ್ಯಾಟಿಗೆ ತಂದೆ, ರೇಟ್ ಬರಲಿಲ್ಲ, ಅವತ್ತ ಇಲ್ಲಿ ತಂದು ಇಟ್ಟೀನಿ. ನಿಮ್ಮ ಬಿಲ್ಲಿನ್ಯಾಗ ಮಾರ್ಚ್ 4 ಅಂತ ಐತಿ. ಮಾರ್ಚ್ 4ಕ್ಕ ನಾ ಇನ್ನೂ ಹೊಲದಾಗ ಕಾಯಿ ಬಿಡಿಸಾಕತ್ತಿದ್ದೆ." ನಾ ಫೋನ್ ಹಿಡಕೊಂಡ ಕ್ಯಾಲೆಂಡರ್ ತಗದು ನೋಡಿದೆ, 2023ರ ಉಗಾದಿ ಮಾರ್ಚ್ 22, ಅಲ್ಲಿಂದ ಹನ್ನೆರಡು ದಿನಕ್ಕ ಏಪ್ರಿಲ್ 3, ಸೋಮವಾರ. ಏಪ್ರಿಲ್ 3 ಅಂದ್ರ 3/4. ಬಿಲ್ಲಿನ್ಯಾಗ ಇರೂದು 4/3. ಆ ಕ್ಷಣಕ್ಕ ಹೊಟ್ಟಿಯಾಗ ಒಂದು ಥರಾ ಆತು, ಯಾಕಂದ್ರ ಇದು ಒಬ್ಬರ ಬಿಲ್ಲಿನ ತಪ್ಪಲ್ಲ ಅಂತ ಆಗ್ಲೇ ಗೊತ್ತಾತು.

ಬಾಡಗಿ ಲೆಕ್ಕ ಹೆಂಗ ಅಂತ ಮೊದ್ಲ ಹೇಳ್ತೀನಿ, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಕಿಮ್ಮತ್ತು ಇರೂದು ಖಾರಕ್ಕಲ್ಲ, ಬಣ್ಣಕ್ಕ. ಖಾರ ಕಮ್ಮಿ, ಬಣ್ಣ ಕಡುಗೆಂಪು, ಆ ಬಣ್ಣ ತಗದು ಎಣ್ಣಿ ಮಾಡೋ ಫ್ಯಾಕ್ಟರಿಯವರು ಸೈತ ಇದನ್ನ ಕೊಳ್ತಾರ, 2011ರಾಗ ಜಿಐ ಟ್ಯಾಗ್ ಸಿಕ್ಕಿದ್ದೂ ಇದಕ್ಕ. ಒಣಾ ಕಾಯಿ ಹೊರಗ ಬಿಸಿಲಿನ ದಿನದಾಗ ಇಟ್ರ ತಿಂಗಳ ತಿಂಗಳ ಬಣ್ಣ ಇಳಿತೈತಿ, ಬಣ್ಣ ಇಳದ್ರ ರೇಟೂ ಇಳಿತೈತಿ. ಅದಕ್ಕ ರೇಟ್ ಬರಲಿಲ್ಲಂದ್ರ ಚೀಲ ಕೋಲ್ಡ್ ಸ್ಟೋರೇಜಿಗೆ ಹೋಗ್ತಾವ, ಚೀಲಕ್ಕ ಇಂತಿಷ್ಟು, ತಿಂಗಳಿಗೆ ಇಂತಿಷ್ಟು. ನಮ್ಮ ಪ್ರೋಗ್ರಾಮಿನ್ಯಾಗ 30 ದಿನಕ್ಕ ಒಂದು ತಿಂಗಳು, ಮ್ಯಾಲ ಒಂದು ದಿನ ಆದ್ರೂ ಮುಂದಿನ ತಿಂಗಳು ಪೂರ್ತಿ. ಯಜಮಾನ್ರ 40 ಚೀಲ ಏಪ್ರಿಲ್ 3ರಿಂದ ಸೆಪ್ಟೆಂಬರ್ 14ಕ್ಕ 164 ದಿನ, ಅಂದ್ರ 6 ತಿಂಗಳು. ಮಾರ್ಚ್ 4ರಿಂದ ಹಿಡದ್ರ 194 ದಿನ, 7 ತಿಂಗಳು. ಒಂದು ತಿಂಗಳು ಜಾಸ್ತಿ ಬಿದ್ದಿದ್ದು ಹಿಂಗ.

ಈ ಪ್ರೋಗ್ರಾಂ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷಾದಾಗ ಐತಿ, 2012ರಾಗ ಬ್ಯಾರೆ ಒಬ್ಬರು ಬರದಿದ್ದು, 2018ರಿಂದ ನಾ ನೋಡ್ಕೋತೀನಿ. 2012ರಾಗ ಜಾವಾದಾಗ ದಿನಾಂಕಕ್ಕ ಛಲೋ ಕ್ಲಾಸ್ (ಒಂದು ಕೆಲಸಕ್ಕಂತ ಮಾಡಿದ ಕೋಡಿನ ತುಂಡು) ಅನ್ನೂದು ಇರಲೇ ಇಲ್ಲ. ಹಳೇ ಡೇಟ್ ಕ್ಲಾಸ್ ಹೆಸರಿಗಷ್ಟ ಡೇಟ್, ಒಳಗ ಇರೂದು 1970ರ ಜನವರಿ 1ರಿಂದ ಯುಟಿಸಿ ಅನ್ನೋ ಜಗತ್ತಿನ ಪ್ರಮಾಣ ಸಮಯದ ಲೆಕ್ಕದಾಗ ಎಷ್ಟು ಮಿಲಿಸೆಕೆಂಡ್ ಆದ್ವು ಅನ್ನೋ ಒಂದು ನಂಬರ್. ಅದರ ಜೋಡಿ ಪಠ್ಯದಿಂದ ದಿನಾಂಕ ಮಾಡ್ಲಿಕ್ಕೆ ಸಿಂಪಲ್‌ಡೇಟ್‌ಫಾರ್ಮ್ಯಾಟ್. ಬರೇ ದಿನ, ತಿಂಗಳು, ವರ್ಷ ಅಷ್ಟ ಹಿಡಿಯೋ ಲೋಕಲ್‌ಡೇಟ್ ಬಂದಿದ್ದು ಜಾವಾ 8ರ ಜೋಡಿ, 2014ರ ಮಾರ್ಚ್‌ನಾಗ. ಹಂಗಾಗಿ ಮೊದಲು ಬರದವರು ಎಲ್ಲಾ ಕಡೆ ದಿನಾಂಕವನ್ನ ಸ್ಟ್ರಿಂಗ್, ಅಂದ್ರ ಬರೇ ಪಠ್ಯ, ಮಾಡೇ ಇಟ್ಟಿದ್ರು, ಬೇಕಾದಾಗ ಬೇಕಾದಲ್ಲಿ ಪಾರ್ಸ್ ಮಾಡ್ಕೊಳ್ಳೂದು, ಅಂದ್ರ ಓದಿ ದಿನಾಂಕ ಮಾಡ್ಕೊಳ್ಳೂದು. ಬಿಲ್ ಕ್ಲಾಸಿನ್ಯಾಗ ದಿನ ಮೊದ್ಲೋ ತಿಂಗಳು ಮೊದ್ಲೋ ಅಂತ ಹೇಳೋ ಒಂದು ಪ್ಯಾಟರ್ನ್, ಸ್ಟಾಕ್ ರಿಪೋರ್ಟಿನ್ಯಾಗ ಒಂದು, ವಿಮಾ ಪಟ್ಟಿಯಾಗ ಇನ್ನೊಂದು. ನಾ ಬಂದ ಮ್ಯಾಲೂ ಅದನ್ನ ಹಂಗ ಬಿಟ್ಟೆ, ನಡೀತೈತಲ್ಲ ಅಂತ.

ಮರುದಿನ ಮುಂಜಾನೆ ಹಾವೇರಿ ಬಸ್ ಹಿಡದು ಹೋದೆ. ಮೋಟೆಬೆನ್ನೂರ ಕಡೆಯಿಂದ ಬ್ಯಾಡಗಿ ಹತ್ರ ಆದಂಗ ಘಾಟು ಮೂಗಿಗೆ ಬಡಿತೈತಿ, ಸೀಜನ್ ಇರಲಿ ಬಿಡಲಿ. ಕೋಲ್ಡ್ ಸ್ಟೋರೇಜಿನ್ಯಾಗ ಕೆಲಸ ನಡಿಯೂದು ಹಿಂಗ: ಗಾಡಿ ಬಂದ ಕೂಡ್ಲೆ ಗೇಟಿನ್ಯಾಗ ಇರೋ ಕಾಕಾ ಚೀಟಿ ಬರೀತಾರ, ನಂಬರ್, ರೈತರ ಹೆಸರು, ಚೀಲ, ತಾರೀಖು. ಸಂಜಿಮುಂದ ಒಬ್ಬ ಹುಡುಗ ಆ ಚೀಟಿಗಳನ್ನ ಎಕ್ಸೆಲ್‌ನಾಗ ಟೈಪ್ ಮಾಡಿ ನಮ್ಮ ಪ್ರೋಗ್ರಾಮಿಗೆ ಅಪ್ಲೋಡ್ ಮಾಡ್ತಾನ. ಗೇಟಿನ ಪುಸ್ತಕ ತಗದು ನೋಡಿದೆ, ಯಜಮಾನ್ರ ಚೀಟಿ ಸ್ವಚ್ಛ 03/04/2023 ಅಂತ ಐತಿ. ಹುಡುಗನ ಎಕ್ಸೆಲ್ ಫೈಲ್ ತಗದು ನೋಡಿದೆ, ಅಲ್ಲೂ 3/4/2023. ಚೀಟಿಯಾಗ ಸರಿ, ಎಕ್ಸೆಲ್‌ನಾಗ ಸರಿ, ಡೇಟಾಬೇಸಿನ್ಯಾಗ ಉಲ್ಟಾ. ಅಂದ್ರ ತಪ್ಪು ನನ್ನ ಕೋಡಿನ್ಯಾಗ ಐತಿ ಅನ್ಕೊಂಡೆ, ಅರ್ಧಾ ತಾಸು ಕೋಡ್ ಓದಿದೆ, ಏನೂ ಸಿಗಲಿಲ್ಲ.

ಆಮ್ಯಾಲೆ ಕಣ್ಣಿಗೆ ಬಿದ್ದಿದ್ದು ಭಾಳ ಸಣ್ಣದು. ಆ ಎಕ್ಸೆಲ್ ಕಾಲಮ್ಮಿನ್ಯಾಗ ಒಂದಿಷ್ಟು ತಾರೀಖು ಸೆಲ್ಲಿನ ಎಡಕ್ಕ ಒತ್ತಿ ಕುಂತಿದ್ವು, ಒಂದಿಷ್ಟು ಬಲಕ್ಕ. 30/03/2023 ಎಡಕ್ಕ, 31/03/2023 ಎಡಕ್ಕ, 3/4/2023 ಬಲಕ್ಕ, 5/4/2023 ಬಲಕ್ಕ, 13/04/2023 ಮತ್ತ ಎಡಕ್ಕ. ಬಲಕ್ಕ ಇದ್ದವುಕ್ಕ ಮುಂದಿನ ಸೊನ್ನೆ ಹೋಗಿತ್ತು, ಎಡಕ್ಕ ಇದ್ದವುಕ್ಕ ಸೊನ್ನೆ ಹಂಗ ಇತ್ತು. ಎಕ್ಸೆಲ್ ಗೊತ್ತಿದ್ದವರಿಗೆ ಇಷ್ಟ ಸಾಕು. ಎಡಕ್ಕ ಇರೂದು ಪಠ್ಯ, ಬಲಕ್ಕ ಇರೂದು ನಂಬರ್. ಎಕ್ಸೆಲ್ ಒಳಗ ದಿನಾಂಕ ಅಂದ್ರ 1900ರ ಜನವರಿ 1ಕ್ಕ 1 ಅಂತ ಹಿಡದು ಎಣಿಸಿದ ಸಂಖ್ಯೆ, 45000 ಅಂದ್ರ 2023ರ ಮಾರ್ಚ್ 15, ನಮಗ ಕಾಣೂದು ಅದರ ಮ್ಯಾಲಿನ ಅಂಗಿ ಅಷ್ಟ.

ಹುಡುಗನ್ನ ಕೇಳಿದೆ, ಈ ಕಂಪ್ಯೂಟರಿಗೆ ಏನರ ಆಗಿತ್ತೇನೋ ಅಂತ. "ಹೌದ್ರಿ ಸರ್, ಫೆಬ್ರುವರಿಯಾಗ ಹಾರ್ಡ್ ಡಿಸ್ಕ್ ಹೋಗಿತ್ತು, ಹೊಸಾದು ಹಾಕಿ ವಿಂಡೋಸ್ ಹೊಡದು ಕೊಟ್ಟಾರ್ರಿ." ಯಾವ ದೇಶದ ರೂಢಿ ಅಂತ ಹೇಳೋ ರೀಜನ್ ಸೆಟ್ಟಿಂಗ್ ತಗದೆ, ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್. ಮೊದಲು ಅಲ್ಲಿ ಇಂಗ್ಲಿಷ್ ಇಂಡಿಯಾ ಇತ್ತು.

ಅಮೆರಿಕದವರು ತಿಂಗಳು ಮೊದ್ಲ ಬರೀತಾರ. ಹುಡುಗ 03/04/2023 ಅಂತ ಟೈಪ್ ಮಾಡಿ ಎಂಟರ್ ಹೊಡದ್ರ ಎಕ್ಸೆಲ್ ಅದನ್ನ ಮಾರ್ಚ್ 4 ಅಂತ ತಿಳಕೊಂಡು, ಮಾರ್ಚ್ 4ರ ನಂಬರ್ ಒಳಗಿಟ್ಟು, ಅಮೆರಿಕದ ರೀತಿಯಾಗ 3/4/2023 ಅಂತ ತೋರಿಸ್ತೈತಿ. ಹುಡುಗನ ಕಣ್ಣಿಗೆ ತಾ ಬರದದ್ದ ಕಾಣ್ತೈತಿ. 13/04/2023 ಅಂತ ಬರದ್ರ 13ನೇ ತಿಂಗಳು ಇಲ್ಲ, ಅದಕ್ಕ ಎಕ್ಸೆಲ್ ಇದು ದಿನಾಂಕ ಅಲ್ಲ ಅಂತ ಪಠ್ಯ ಮಾಡಿ ಎಡಕ್ಕ ಇಡ್ತೈತಿ, ಒಂದು ಮಾತೂ ಹೇಳೂದಿಲ್ಲ. ಅಂದ್ರ ಒಂದ ಕಾಲಮ್ಮಿನ್ಯಾಗ ಪ್ರತಿ ತಿಂಗಳು 1ರಿಂದ 12ರತನಕ ಉಲ್ಟಾ ದಿನಾಂಕ, 13ರಿಂದ ಕೊನಿತನಕ ಸರಿಯಾದ ಪಠ್ಯ. ಹುಡುಗನ ತಪ್ಪು ಇದರಾಗ ಒಂದು ಕೂದಲಿನಷ್ಟೂ ಇಲ್ಲ, ಅದನ್ನ ಅವಗ ಅಲ್ಲೇ ಹೇಳಿದೆ, ಯಾಕಂದ್ರ ಅಷ್ಟೊತ್ತಿಗೆ ಅಂವ ಅಂಜಿ ಸಣ್ಣ ಮಾರಿ ಮಾಡ್ಕೊಂಡು ನಿಂತಿದ್ದ.

ನನ್ನ ತಪ್ಪು ಅದರ ಮುಂದ ಬರ್ತೈತಿ. ಎಕ್ಸೆಲ್ ಫೈಲ್ ಓದೋ ಭಾಗ ನಾನ ಬರದಿದ್ದು. ಸೆಲ್ ಪಠ್ಯ ಇದ್ರ ಹಂಗ ತಗೊಳ್ಳೂದು, ಸೆಲ್ ನಂಬರ್ ಇದ್ದು ದಿನಾಂಕದ ಫಾರ್ಮ್ಯಾಟ್ ಇದ್ರ ಡೇಟ್ ತಗದು ಅದನ್ನ ದಿನ/ತಿಂಗಳು/ವರ್ಷ ಅಂತ ಸ್ಟ್ರಿಂಗ್ ಮಾಡೂದು, ಯಾಕಂದ್ರ ಮುಂದಿನ ಕ್ಲಾಸಿಗೆ ಸ್ಟ್ರಿಂಗ್ ಬೇಕಾಗಿತ್ತು. ಆವಾಗ ಅದು ಸರಳ ಅನಿಸಿತ್ತು. ಈಗ ನೋಡಿದ್ರ, ಕಾಕಾ ಕೈಲೆ ಬರದ 31/03/2023, ಎಕ್ಸೆಲ್ ಊಹೆ ಮಾಡಿದ 04/03/2023, ಎರಡೂ ಒಂದ ಬಟ್ಟಿ ಹಾಕ್ಕೊಂಡು ಡೇಟಾಬೇಸಿಗೆ ಹೋಗಿ ಕುಂತಾವ, ಯಾವುದು ಮನುಷ್ಯ ಬರದದ್ದು ಯಾವುದು ಯಂತ್ರ ಊಹಿಸಿದ್ದು ಅಂತ ಗುರ್ತು ಹಿಡಿಯೂ ದಾರಿನ ಇಲ್ಲ. ಪಠ್ಯಕ್ಕ ತನ್ನ ಕ್ರಮ ಯಾವುದು ಅಂತ ಗೊತ್ತಿರೂದಿಲ್ಲ. 03/04 ಅನ್ನೂದು ಬ್ಯಾಡಗಿಯಾಗ ಒಂದು ದಿನ, ಅಮೆರಿಕದಾಗ ಇನ್ನೊಂದು ದಿನ, ಅದನ್ನ ಬರದವರ ರೂಢಿ ಜೋಡಿ ಇದ್ದಾಗಷ್ಟ ಅದು ದಿನಾಂಕ. ಆ ರೂಢಿ ಗೊತ್ತಿದ್ದ ಜಾಗ ಒಂದ, ಅದು ಒಳಗ ಬರೂ ಬಾಗಲ. ಅಲ್ಲೇ ಪಠ್ಯವನ್ನ ದಿನಾಂಕದ ಆಬ್ಜೆಕ್ಟ್ (ಯಾವುದು ದಿನ, ಯಾವುದು ತಿಂಗಳು ಅಂತ ಗೊತ್ತಿರೂದು) ಮಾಡಿ ಮುಂದ ಕಳಿಸಬೇಕಾಗಿತ್ತು, ನಾ ಬಂದ ಆಬ್ಜೆಕ್ಟನ್ನೂ ಹೊಳ್ಳಿ ಪಠ್ಯ ಮಾಡಿ ಕಳಿಸಿದ್ದೆ.

ಏಳು ತಿಂಗಳು ಯಾರಿಗೂ ಯಾಕ ಗೊತ್ತಾಗಲಿಲ್ಲ ಅಂತ ಕೋಲ್ಡ್ ಸ್ಟೋರೇಜಿನ ಸಾವ್ಕಾರ್ರು ಕೇಳಿದ್ರು, ನ್ಯಾಯವಾದ ಪ್ರಶ್ನಿ. ವರ್ಷದಾಗ ದಿನದ ನಂಬರ್ 12 ಇಲ್ಲಾ ಅದಕ್ಕಿಂತ ಕಮ್ಮಿ ಇರೂವು 144, ಅದರಾಗ 3/3, 4/4 ಇಂಥಾವು 12 ಉಲ್ಟಾ ಆದ್ರೂ ಒಂದ, ಉಳಿದ 132 ತಾರೀಖು ಮಾತ್ರ ಎರಡು ಅರ್ಥ ಕೊಡ್ತಾವ. ಮಾರ್ಚ್ ತಗೋರಿ. 1, 2ನೇ ತಾರೀಖು ಉಲ್ಟಾ ಆದ್ರ ಜನವರಿ, ಫೆಬ್ರುವರಿಗೆ ಹೋಗ್ತಾವ, ರೈತರಿಗೆ ಬಾಡಗಿ ಜಾಸ್ತಿ. 3ಕ್ಕ ಏನೂ ಆಗೂದಿಲ್ಲ. 4ರಿಂದ 12ರತನಕ ಏಪ್ರಿಲ್‌ನಿಂದ ಡಿಸೆಂಬರಿಗೆ ಹೋಗ್ತಾವ, ದಿನ ಒಂದು ಸರದ್ರ ತಿಂಗಳು ಒಂದು ಸರೀತೈತಿ, ಬಾಡಗಿ ಕಮ್ಮಿ. ಕಮ್ಮಿ ಬಂದ ಬಿಲ್ ತಗೊಂಡವರು ಹೊಳ್ಳಿ ಬಂದು ಕೇಳೂದಿಲ್ಲ, ಕೇಳಬೇಕು ಅಂತ ನಾನೂ ಅನ್ನೂದಿಲ್ಲ, ಅವರಿಗೆ ಲೆಕ್ಕ ಸರಿ ಅಂತನ ಅನಿಸಿರ್ತೈತಿ. ಮಾರ್ಚ್ 9ಕ್ಕ ಇಟ್ಟ ಒಂದು ಲಾಟ್ ಸೆಪ್ಟೆಂಬರ್ 3 ಆಗಿ ಕುಂತಿತ್ತು, ಸೆಪ್ಟೆಂಬರ್ 14ಕ್ಕ ಒಯ್ದಿದ್ರು, 7 ತಿಂಗಳ ಬಾಡಗಿ ಬರೋ ಜಾಗದಾಗ 1 ತಿಂಗಳು ಬಂದಿತ್ತು.

ಇದಕ್ಕಿಂತ ಕೆಟ್ಟದ್ದು ಮಾರ್ಚ್ 12. ಅದು ಡಿಸೆಂಬರ್ 3 ಆಗಿತ್ತು, ಇನ್ನೂ ಬಾರದ ದಿನ. ಚೀಲ ಒಯ್ದದ್ದು ಸೆಪ್ಟೆಂಬರ್ 14, ಅಂದ್ರ ಲೆಕ್ಕಕ್ಕ ಮೈನಸ್ 80 ದಿನ. ಮೈನಸ್ ಬಂದ್ರ ಪ್ರೋಗ್ರಾಂ ಚೀರಬೇಕಾಗಿತ್ತು. ಆದ್ರ ಬಿಲ್ ಕ್ಲಾಸಿನ್ಯಾಗ ಒಂದು ಹಳೇ ಸಾಲು ಐತಿ, 30 ದಿನಕ್ಕಿಂತ ಕಮ್ಮಿ ಇದ್ರ 30 ಹಿಡಿ ಅಂತ, ಕನಿಷ್ಠ ಒಂದು ತಿಂಗಳ ಬಾಡಗಿ ನಿಯಮಕ್ಕ ಹಾಕಿದ್ದು. ಮೈನಸ್ 80 ಸೈತ 30ಕ್ಕಿಂತ ಕಮ್ಮಿನ ಅಲ್ಲೇನ್ರಿ, ಅದು ಸದ್ದಿಲ್ಲದ 30 ಆಗಿ ಬಿಲ್ ಹೊರಗ ಬಂತು. ವ್ಯವಹಾರದ ಒಂದು ಸರಿಯಾದ ನಿಯಮ ಒಂದು ದೊಡ್ಡ ತಪ್ಪನ್ನ ಏಳು ತಿಂಗಳು ಮುಚ್ಚಿಟ್ಟಿತ್ತು.

ಹಳೇ ಡೇಟಾ ರಿಪೇರಿ ಮಾಡೂದು ಹೊಸಾ ಕೋಡ್ ಬರಿಯೂದಕ್ಕಿಂತ ಕಠಿಣ ಇತ್ತು. ಡೇಟಾಬೇಸ್ ನೋಡಿ ಏನೂ ಹೇಳಲಿಕ್ಕೆ ಬರೂದಿಲ್ಲ, ಮೊದ್ಲ ಹೇಳಿದೆನಲ್ಲ. ಪುಣ್ಯಕ್ಕ ಅಪ್ಲೋಡ್ ಆದ ಎಕ್ಸೆಲ್ ಫೈಲ್‌ಗಳೆಲ್ಲಾ ಒಂದು ಫೋಲ್ಡರಿನ್ಯಾಗ ಹಂಗ ಉಳದಿದ್ವು. ವಿಂಡೋಸ್ ಹೊಡದ ಮ್ಯಾಲಿನ ಫೈಲ್‌ಗಳಷ್ಟ ತಗೊಂಡೆ, ಅದಕ್ಕಿಂತ ಮುಂಚಿನವು ಇಂಡಿಯಾ ಸೆಟ್ಟಿಂಗಿನ್ಯಾಗ ಟೈಪ್ ಆದವು, ಅವನ್ನ ತಿರುಗಿಸಿದ್ರ ಸರಿ ಇದ್ದದ್ದ ತಪ್ಪು ಆಗ್ತಿತ್ತು. ಒಟ್ಟು 412 ಎಂಟ್ರಿ, ಅದರಾಗ ನಂಬರ್ ಆಗಿದ್ದ ಸೆಲ್ 163, ಅದರಾಗ ದಿನ ತಿಂಗಳು ಒಂದ ಇದ್ದವು 11, ಉಳಿದ 152 ತಿರುಗಿಸಬೇಕು.

ಆದ್ರ ಬರೇ ನನ್ನ ತರ್ಕ ನಂಬಿ 152 ಮಂದಿ ಬಿಲ್ ತಿದ್ದೂದು ನನಗ ಸರಿ ಅನಿಸಲಿಲ್ಲ. ಎರಡನೇ ಸಾಕ್ಷಿ ಬೇಕಾಗಿತ್ತು. ಅದು ಸಿಕ್ಕಿದ್ದು ಕಾಕಾನ ಚೀಟಿ ನಂಬರಿನ್ಯಾಗ. ಚೀಟಿ ನಂಬರ್ ಏರ್ಕೋತ ಹೋಗ್ತೈತಿ, ಹಂಗಾದ್ರ ತಾರೀಖೂ ಹಿಂದ ಬರಬಾರದು. ತಿರುಗಿಸೂಕಿಂತ ಮುಂಚೆ ಪಟ್ಟಿ ಮಾರ್ಚ್ 31, ಮಾರ್ಚ್ 4, ಮೇ 4, ಜೂನ್ 4, ಅಕ್ಟೋಬರ್ 4, ಏಪ್ರಿಲ್ 13 ಅಂತ ಕುಣೀತಿತ್ತು. ತಿರುಗಿಸಿದ ಮ್ಯಾಲೆ ಮಾರ್ಚ್ 31, ಏಪ್ರಿಲ್ 3, 5, 6, 10, 13. 152ರಾಗ 149 ಹಿಂಗ ಸಾಲಾಗಿ ಕುಂತ್ವು. ಉಳಿದ 3ಕ್ಕ ಗೇಟಿನ ಪುಸ್ತಕ ತಗದು ಕಾಕಾನ್ನ ಕೇಳಿದೆ, ರಾತ್ರಿ ಬಂದ ಗಾಡಿಗೆ ಮರುದಿನ ಚೀಟಿ ಬರದು ಹಿಂದಿನ ದಿನದ ತಾರೀಖು ಹಾಕಿದ್ರಂತ. ಅದನ್ನೂ ಬರದಿಟ್ಟುಕೊಂಡೆ, ಯಾಕಂದ್ರ ನಾಳೆ ಯಾರರ ಕ್ರಮ ತಪ್ಪಿದ್ದೆಲ್ಲಾ ತಪ್ಪು ಅಂತ ಕೋಡ್ ಬರದ್ರ ಈ ಮೂರು ಸರಿ ಚೀಟಿ ಬಿದ್ದು ಹೋಗ್ತಾವ.

ರಿಪೇರಿ ಮಾಡೂ ಮುಂದ ಇನ್ನೊಂದು ಪೆಟ್ಟು ಬಿತ್ತು. ಸೆಲ್ಲಿನಿಂದ ಹಳೇ ಡೇಟ್ ತಗದು ಅದನ್ನ ಯುಟಿಸಿ ಹಿಡದು ಲೋಕಲ್‌ಡೇಟ್ ಮಾಡಿದ್ದೆ, ಎಲ್ಲಾ ತಾರೀಖು ಒಂದು ದಿನ ಹಿಂದ ಬಂದ್ವು. ನನ್ನ ಲ್ಯಾಪ್‌ಟಾಪಿನ್ಯಾಗ ಆ ಡೇಟ್ ಅಂದ್ರ ಭಾರತದ ಮಧ್ಯರಾತ್ರಿ, ನಾವು ಯುಟಿಸಿಗಿಂತ ಐದೂವರಿ ತಾಸು ಮುಂದ, ಅಲ್ಲಿ ಇನ್ನೂ ಹಿಂದಿನ ದಿನ ಸಂಜಿ ಆರೂವರಿ. ಚೀಲ ಇಟ್ಟ ದಿನಕ್ಕ ಟೈಮ್‌ಝೋನ್ ಬೇಕಾಗೇ ಇಲ್ಲ, ಸೆಲ್ಲಿನಿಂದ ನೇರ ಲೋಕಲ್‌ಡೇಟ್‌ಟೈಮ್ ತಗದು ದಿನ ಅಷ್ಟ ಇಟ್ಟುಕೊಂಡೆ, ಸರಿ ಆತು.

ಇನ್ನ ಹೊಸಾ ಕೋಡ್. ಪಠ್ಯವನ್ನ ದಿನಾಂಕ ಮಾಡೋ ಕೆಲಸ ಈಗ ಒಂದ ಕ್ಲಾಸಿಗೆ, ಅದು ಒಳಗ ಸ್ಟ್ರಿಂಗ್ ತಗೋತೈತಿ, ಹೊರಗ ಲೋಕಲ್‌ಡೇಟ್ ಕೊಡ್ತೈತಿ, ಇಲ್ಲಾ ಯಾವ ಸಾಲಿನ್ಯಾಗ ಏನು ತಪ್ಪೈತಿ ಅಂತ ಹೇಳಿ ನಿಲ್ತೈತಿ. ಸ್ಟಾಕ್ ಎಂಟ್ರಿ ಕ್ಲಾಸಿನ್ಯಾಗ ಸ್ಟ್ರಿಂಗ್ ದಿನಾಂಕ ತಗದು ಹಾಕಿದೆ, ಹೊಸಾ ಎಂಟ್ರಿ ಹುಟ್ಟಿಸೋ ಅದರ ಕನ್‌ಸ್ಟ್ರಕ್ಟರ್ ಲೋಕಲ್‌ಡೇಟ್ ಬಿಟ್ಟು ಬ್ಯಾರೆ ಏನೂ ಒಪ್ಪೂದಿಲ್ಲ, ಹಂಗಾಗಿ ಯಾವ ಕ್ಲಾಸೂ ತನ್ನ ಮನಸಿಗೆ ಬಂದಂಗ ಪಾರ್ಸ್ ಮಾಡ್ಲಿಕ್ಕೆ ಜಾಗನ ಉಳೀಲಿಲ್ಲ. ಜೋಡಿಗೆ, ಹುಡುಗ ಟೈಪ್ ಮಾಡಿದ ಮೂಲ ಪಠ್ಯವನ್ನ ಬ್ಯಾರೆ ಕಾಲಮ್ಮಿನ್ಯಾಗ ಹಂಗ ಇಡ್ತೀವಿ. ಎಕ್ಸೆಲ್ ಟೆಂಪ್ಲೇಟಿನ್ಯಾಗ ಆ ಕಾಲಮ್ ಮೊದಲ ಟೆಕ್ಸ್ಟ್ ಅಂತ ಮಾಡಿ ಕೊಟ್ಟೀನಿ, ಆದ್ರೂ ನಂಬರ್ ಸೆಲ್ ಬಂದ್ರ ಪ್ರೋಗ್ರಾಂ ಆ ಸಾಲು ತಗೊಳ್ಳೂದಿಲ್ಲ, ಊಹೆ ಮಾಡೂದ ಇಲ್ಲ.

ಹಳೇ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಯಾಕ ಬ್ಯಾಡ ಅಂದೆ ಅಂದ್ರ ಅದರ ಸ್ವಭಾವನ ಸುಮ್ಮನ ಒಪ್ಪಿಕೊಳ್ಳೂದು. ತಿಂಗಳು ಮೊದ್ಲ ಇರೋ ಪ್ಯಾಟರ್ನಿಗೆ 25/03/2023 ಕೊಟ್ರ ಅದು 25ನೇ ತಿಂಗಳು ಅಂತ ಎಣಿಸ್ಕೋತ ಹೋಗಿ 2025ರ ಜನವರಿ 3 ಕೊಡ್ತೈತಿ. ದಿನ ಮೊದ್ಲ ಇರೋ ಪ್ಯಾಟರ್ನಿಗೆ 31/02/2023 ಕೊಟ್ರ ಮಾರ್ಚ್ 3. ಲೀನಿಯೆಂಟ್ ಅನ್ನೋ ಈ ಸಡಿಲ ರೀತಿಯನ್ನ ನಾವ ಬಂದ್ ಮಾಡಬೇಕು, ತಾನಾಗೇ ಚಾಲೂ ಇರ್ತೈತಿ. ಇದನ್ನ ತಗಿಯೂ ಮುಂದ ಸ್ಟಾಕ್ ರಿಪೋರ್ಟಿನ್ಯಾಗ ಒಂದು ಹಳೇ ಗಾಯ ಸಿಕ್ತು, ಪ್ಯಾಟರ್ನಿನ್ಯಾಗ ತಿಂಗಳ ಜಾಗದಾಗ ಸಣ್ಣ ಎಂ ಹಾಕಿದ್ರು, ದೊಡ್ಡ ಎಂ ಅಂದ್ರ ತಿಂಗಳು, ಸಣ್ಣ ಎಂ ಅಂದ್ರ ನಿಮಿಷ. ಹಂಗಾಗಿ ಎಲ್ಲಾ ತಾರೀಖೂ ಜನವರಿ, ಮಾರ್ಚ್ ಅನ್ನೂದು ಮೂರು ನಿಮಿಷ ಆಗಿತ್ತು. ಪ್ರಿಂಟ್ ಮಾಡೂ ಮುಂದನೂ ಅದ ಪ್ಯಾಟರ್ನ್, ಹಂಗಾಗಿ ಕಾಗದದ ಮ್ಯಾಲೆ 25/03/2023 ಸರಿಯಾಗೇ ಬರ್ತಿತ್ತು. ರಿಪೋರ್ಟ್ ಸಾರ್ಟ್ ಸರಿ ಇಲ್ಲ ಅಂತ ಮ್ಯಾನೇಜರ್ ಎರಡು ವರ್ಷದಿಂದ ಹೇಳ್ಕೋತ ಬಂದಿದ್ರು, ನಾ ಕಿವಿ ಕೊಟ್ಟಿರಲಿಲ್ಲ. ಅವರಿಗೆ ಕ್ಷಮಾ ಕೇಳಿದೆ.

ಅದರ ಬದ್ಲಿ ಬಂದ ಹೊಸಾ ಡೇಟ್‌ಟೈಮ್‌ಫಾರ್ಮ್ಯಾಟರ್ ಛಲೋ ಐತಿ, ಆದ್ರ ಅದನ್ನೂ ಕಣ್ಣು ಮುಚ್ಚಿ ಬಳಸಬ್ಯಾಡ್ರಿ. ಅದರ ರೂಢಿ ಸ್ಮಾರ್ಟ್ ಅನ್ನೂದು, 32ನೇ ತಾರೀಖು ಅಂದ್ರ ಒಪ್ಪೂದಿಲ್ಲ, ಆದ್ರ 31/02/2023 ಅಂದ್ರ ಫೆಬ್ರುವರಿ 28 ಮಾಡಿ ಕೊಡ್ತೈತಿ. ಸ್ಟ್ರಿಕ್ಟ್ ಅಂತ ಹೇಳಬೇಕು. ಸ್ಟ್ರಿಕ್ಟ್ ಮಾಡಿದ ಕೂಡ್ಲೆ ಸರಿಯಾದ ತಾರೀಖೂ ಬಿದ್ದು ಹೋಗಾಕತ್ವು, ಒಂದು ತಾಸು ಹಿಡೀತು ತಿಳಿಲಿಕ್ಕೆ, ಪ್ಯಾಟರ್ನಿನ್ಯಾಗ ವರ್ಷಕ್ಕ ನಾಲ್ಕು ವೈ ಹಾಕಿದ್ರ ಅದು ಕ್ರಿಸ್ತಪೂರ್ವನೋ ಕ್ರಿಸ್ತಶಕನೋ ಅಂತ ಶಕೆನೂ ಕೇಳ್ತೈತಿ, ವೈ ಬದ್ಲಿ ನಾಲ್ಕು ಯು ಹಾಕಬೇಕು. ದಿನಕ್ಕ ಎರಡು ಡಿ ಹಾಕಿದ್ರ 5/3/2023 ಒಪ್ಪೂದಿಲ್ಲ, ಒಂದ ಡಿ ಒಂದ ಎಂ ಹಾಕಿದ್ರ ಒಂದಂಕಿ ಎರಡಂಕಿ ಎರಡೂ ಒಪ್ತೈತಿ. ಕನ್ನಡ ಅಂಕಿ ಬರೋ ಕಡೆ ಇದ್ರ, ೦೫/೦೩/೨೦೨೩ ಅಂತ ಕೊಟ್ರ ಸಾದಾ ಫಾರ್ಮ್ಯಾಟರ್ ಓದೂದಿಲ್ಲ, ಅಂಕಿ ಯಾವ ರೂಪದಾಗ ಅಂತ ಹೇಳೋ ಡೆಸಿಮಲ್‌ಸ್ಟೈಲಿನ್ಯಾಗ ಸೊನ್ನಿ ಅಂದ್ರ ೦ ಅಂತ ಹೇಳಿದ್ರ ಓದ್ತೈತಿ, ನಾ ಮಾಡಿ ನೋಡೀನಿ. ಇನ್ನೊಂದು, ಹಳೇದನ್ನ ಎರಡು ಥ್ರೆಡ್, ಅಂದ್ರ ಒಂದ ಹೊತ್ತಿಗೆ ನಡಿಯೋ ಎರಡು ಕೆಲಸ, ಹಂಚಿಕೊಂಡ್ರ ತಾರೀಖು ಕಲಸಿ ಹೋಗ್ತಿದ್ವು, ಹೊಸಾದಕ್ಕ ಆ ಅಂಜಿಕಿ ಇಲ್ಲ.

ಒಯ್ದ ದಿನ ಇಟ್ಟ ದಿನಕ್ಕಿಂತ ಹಿಂದ ಇದ್ರ ಬಿಲ್ಲ ಆಗೂದಿಲ್ಲ ಈಗ, ಕನಿಷ್ಠ ತಿಂಗಳ ನಿಯಮ ಆಮ್ಯಾಲೆ ಬರ್ತೈತಿ.

ರೊಕ್ಕದ್ದು ಹಿಂಗ ಮುಗೀತು. 152ರಾಗ ರೈತರಿಗೆ ಜಾಸ್ತಿ ಬೀಳೋ ಕಡೆ ತಿರುಗಿದ್ದು 31, ಅದರಾಗ ಬಿಲ್ ಆಗಿ ಹೋದವು 9, ನಿಜವಾಗಿ ಜಾಸ್ತಿ ರೊಕ್ಕ ಕೊಟ್ಟವರು 7 ಮಂದಿ, ಉಳಿದ ಇಬ್ಬರಿಗೆ ತಿಂಗಳ ಲೆಕ್ಕ ಬದಲಾಗಿರಲಿಲ್ಲ. ಏಳೂ ಮಂದಿಗೆ ಮ್ಯಾನೇಜರ್ ಫೋನ್ ಹಚ್ಚಿ ಕರದು ಕೊಟ್ರು. ಕಮ್ಮಿ ಬಿಲ್ ಆಗಿ ಚೀಲ ಒಯ್ದವರಿಗೆ ಹೊಳ್ಳಿ ಕೇಳೂದು ಬ್ಯಾಡ, ತಪ್ಪು ನಮ್ಮದು ಅಂದ್ರು ಸಾವ್ಕಾರ್ರು, ಅದರ ನಷ್ಟದಾಗ ನನ್ನ ಪಾಲು ಎಷ್ಟು ಅಂತ ಕುಂತು ಮಾತಾಡಿ ಆ ವರ್ಷದ ಮೇಂಟೆನೆನ್ಸ್ ಬಿಲ್ಲಿನ್ಯಾಗ ಮುರಕೊಂಡ್ವಿ. ಇನ್ನೂ ಒಳಗಿದ್ದ ಚೀಲಕ್ಕ ತಾರೀಖು ತಿದ್ದಿ, ಗೇಟಿನ ಚೀಟಿ ಫೋಟೋ ಜೋಡಿ ಎಲ್ಲರಿಗೂ ವಾಟ್ಸಾಪ್ ಮಾಡಿದ್ರು.

2024ರ ಸೀಜನ್ನಿನ್ಯಾಗ ಒಂದಿನ ಹುಡುಗನ ಫೋನ್ ಬಂತು. "ಸರ್, ಒಂದು ಸಾಲು ಕೆಂಪಾಗೇತಿ, ತಗೊಳ್ಳವಲ್ದು." ಏನು ಬರದೀ ಅಂದೆ. "31/04/2024 ರೀ, ಚೀಟಿಯಾಗ ಹಂಗ ಐತಿ." ಏಪ್ರಿಲಿಗೆ 31 ಇಲ್ಲ. ಹಳೇ ಕೋಡ್ ಇದ್ದಿದ್ರ ಮೇ 1 ಆಗ್ತಿತ್ತು, ಸ್ಟ್ರಿಕ್ಟ್ ಅನ್ನದ ಬಿಟ್ಟಿದ್ರ ಏಪ್ರಿಲ್ 30 ಆಗ್ತಿತ್ತು, ಎರಡೂ ಸದ್ದಿಲ್ಲದ. ನಾ ಏನೂ ಹೇಳಲಿಲ್ಲ, ಗೇಟಿಗೆ ಹೋಗಿ ಕೇಳ್ಕೊಂಡು ಬಾ ಅಂದೆ. ಹತ್ತು ನಿಮಿಷ ಬಿಟ್ಟು ಮತ್ತ ಮಾಡಿದ, ಗಾಡಿ ಬಂದದ್ದು ಮೇ 1ರ ನಸುಕಿನ್ಯಾಗ, ಕಾಕಾ ನಿದ್ದಿಗಣ್ಣಿನ್ಯಾಗ ಇನ್ನೂ ಏಪ್ರಿಲ್ ಅಂತ ತಿಳಕೊಂಡು ಬರದಾರ, ಡ್ರೈವರ್ ಕಡೆ ಇರೋ ತೂಕದ ಚೀಟಿಯಾಗ ಮೇ 1 ಅಂತನ ಐತಿ. ಹುಡುಗ ಅದನ್ನ ತಿದ್ದಿ ಟೈಪ್ ಮಾಡಿದ, ಸಾಲು ಬಿಳಿ ಆತು.